ಅಪ್ಪ ಕಾಯುತ್ತಿದ್ದ ಸರ್ಕಾರ

ಬ್ಯಾರಲ್ ಕೋವ್, ನ್ಯೂಫೌಂಡ್‌ಲ್ಯಾಂಡ್
೧೮ ಏಪ್ರಿಲ್ ೧೯೯೫

ರೋಡಾ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯೋಣ ಎಂದು ಕೂತರೆ ಬರೆಯುವಂಥದ್ದು ಏನೂ ಇರಲಿಲ್ಲ. ಈಗಲೂ ಇಲ್ಲ. ಬರೆಯದಿದ್ದರೆ ನೀನು ಫೋನ್ ಮಾಡುತ್ತೀಯ, ನಿನ್ನ ಫೋನ್ ಬಂದರೆ ನಿನ್ನಪ್ಪ ಎದ್ದು ಹೊರಗೆ ಹೋಗುತ್ತಾನೆ. ಹೊರಗೆ ಇನ್ನೂ ಚಳಿ ಇದೆ, ಅದಕ್ಕೇ ಬರೆಯುತ್ತಿದ್ದೇನೆ.

ದಕ್ಕೆಯ ಸುತ್ತ ಮಂಜುಗಡ್ಡೆ ಹಾಗೇ ನಿಂತಿದೆ. ಸರ್ಕಾರ ಮೀನು ಹಿಡಿಯುವುದನ್ನು ನಿಲ್ಲಿಸಿ ಬರುವ ಜುಲೈಗೆ ಮೂರು ವರ್ಷ. ಎರಡೇ ವರ್ಷ ಅಂದಿದ್ದರು. ಕಾರ್ಖಾನೆಯ ಬಾಗಿಲಿನ ಬೀಗ ತುಕ್ಕು ಹಿಡಿದಿದೆ. ನಾನು ಮೀನು ಕೊಯ್ಯುತ್ತಿದ್ದ ಮೇಜು ಒಳಗೇ ಇದೆ, ಕಿಟಕಿಯಿಂದ ಕಾಣುತ್ತದೆ. ನೋಡಿದರೆ ಅಳು ಬರಬೇಕು, ಬರುವುದಿಲ್ಲ. ಯಾರದೋ ಮನೆಯ ಸಾಮಾನು ನೋಡಿದ ಹಾಗಿರುತ್ತದೆ.

ನಿನ್ನಪ್ಪ ಶಾಲೆಗೆ ಹೋಗುತ್ತಿದ್ದಾನೆ. ನಗಬೇಡ. ಮನೆಯಲ್ಲಿ ಕೂತವರಿಗೆ ಕೊಡುವ ಭತ್ಯೆ ಬೇಕಾದರೆ ಏನಾದರೂ ಕಲಿಯಲೇಬೇಕು ಎಂದು ಸರ್ಕಾರದ ಕಟ್ಟಳೆ. ಪಕ್ಕದ ಮನೆ ಗಾರ್ಲೆಂಡ್ ಕೂದಲು ಕತ್ತರಿಸುವುದನ್ನು ಕಲಿಯುತ್ತಿದ್ದಾನೆ. ಆ ಹಲಗೆಯಂಥ ಕೈಗೆ ತಲೆ ಒಡ್ಡುವ ಧೈರ್ಯ ಊರಿನಲ್ಲಿ ಯಾರಿಗೂ ಇಲ್ಲ. ನಿನ್ನಪ್ಪ ಓದು ಬರಹ ಕಲಿತರೆ ಸಾಕು ಅಂದ. ಈ ವಯಸ್ಸಿನವರೆಗೆ ತನ್ನ ದೋಣಿಯ ನಂಬರ್ ಬಿಟ್ಟು ಬೇರೇನೂ ಬರೆಯದ ಮನುಷ್ಯ, ಚರ್ಚಿನ ಕೆಳಗಿನ ಕೋಣೆಯಲ್ಲಿ ಮಕ್ಕಳ ಕುರ್ಚಿಯ ಮೇಲೆ ಮಂಡಿ ಎತ್ತಿಕೊಂಡು ಕೂರುತ್ತಾನೆ. ಪಾಠ ಹೇಳುವ ಹುಡುಗಿ ಸಿಕ್ಕಿದ್ದಳು. "ಹೆಡ್ಲಿಯವರು ಚೆನ್ನಾಗಿ ಬರೀತಾರೆ ಆಂಟಿ, ಮಾತೇ ಆಡಲ್ಲ ಅಷ್ಟೆ" ಅಂದಳು. "ಮನೇಲೂ ಅದೇ ಪಾಠ ಕಣಮ್ಮ" ಅಂದೆ.

ಇನ್ನೊಂದು ವಿಷಯ. ಮೀನು ಹಿಡಿಯುವ ಲೈಸೆನ್ಸ್ ಬಿಟ್ಟುಕೊಡುವವರಿಂದ ಸರ್ಕಾರ ಅದನ್ನು ಕೊಂಡುಕೊಳ್ಳುತ್ತದಂತೆ. ಎಷ್ಟಕ್ಕೆ ಕೊಡುತ್ತೇವೆ ಎಂದು ನಾವೇ ಬರೆಯಬೇಕು, ಕಡಿಮೆ ಬರೆದವರದನ್ನು ಮೊದಲು ತೆಗೆದುಕೊಳ್ಳುತ್ತಾರೆ. ನವೆಂಬರ್ ಕೊನೆಗೆ ಗಡುವು. ಪಕ್ಕದವನು ಎಷ್ಟು ಬರೆದನೋ ಎಂದು ಈಗ ಒಬ್ಬರ ಮುಖ ಒಬ್ಬರು ಸರಿಯಾಗಿ ನೋಡುವುದಿಲ್ಲ. ಒಂದು ಸಲ ಕೊಟ್ಟರೆ ಮುಗಿಯಿತು, ನಾಳೆ ಮೀನು ತಿರುಗಿ ಬಂದರೂ ಈ ಮನೆಯವರು ಹಿಡಿಯುವ ಹಾಗಿಲ್ಲ. ನಿನ್ನ ಮುತ್ತಜ್ಜನ ಕಾಲದಿಂದ ಬಂದ ಕಸುಬು ಅಲ್ಲಿಗೆ ನಿಂತಿತು.

ನನ್ನನ್ನು ಕೇಳಿದರೆ ಕೊಟ್ಟುಬಿಡಬೇಕು. ಗ್ಯಾಂಡರ್‌ನಲ್ಲಿ ನನ್ನ ತಂಗಿಯ ಮನೆಯ ಹತ್ತಿರ ಒಂದು ಸಣ್ಣ ಮನೆ ಸಿಕ್ಕರೆ ಸಾಕು. ಈ ಗುಡ್ಡ ಹತ್ತಿ ಇಳಿಯಲು ನನ್ನ ಮಂಡಿ ಒಪ್ಪುವುದಿಲ್ಲ. ನಿನ್ನಪ್ಪನಿಗೂ ಹೇಳಿದೆ. ಅವನು ಬೆಲೆ ಬರೆಯುವ ಸರ್ಕಾರದ ಕಾಗದವನ್ನು ಗಡಿಯಾರದ ಕೆಳಗಿಟ್ಟು ಹೋದ.

ಭಾನುವಾರ ಲೆವಿನಾ ಅತ್ತೆಯ ಅಡುಗೆಮನೆಯಲ್ಲಿ ಇದೇ ಜಗಳ. ಗಾರ್ಲೆಂಡ್ ಶುರು ಮಾಡಿದ: "ಸರ್ಕಾರಕ್ಕೆ ಸಮುದ್ರದಲ್ಲಿ ಏನ್ ಕೆಲ್ಸ? ಯಾವಾಗ ಹಿಡೀಬೇಕು, ಯಾವಾಗ ಬಿಡ್ಬೇಕು ಅಂತ ಹಿಡಿಯೋನಿಗೆ ಗೊತ್ತಿರಲ್ವಾ?"

ಊರಿಗೆಲ್ಲ ಅತ್ತೆಯಾದ ಆಕೆಗೆ ಎಂಬತ್ತಾರು, ನಾಲಿಗೆಗೆ ಇನ್ನೂ ಇಪ್ಪತ್ತು. "ಗೊತ್ತಿತ್ತಲ್ಲಪ್ಪ. ಗೊತ್ತಿದ್ದೂ ಬಾಚ್ಕೊಂಡ್ರಿ. ಹುಚ್ಚು ಮುಂಡೆ ಮದುವೇಲಿ ಉಂಡೋನೇ ಜಾಣ ಅಂತ."

"ಬಾಚಿದೋರು ನಾವಾ ಅತ್ತೆ? ಆ ದೊಡ್ಡ ಟ್ರಾಲರ್‌ಗಳಿಗೆ ಲೈಸೆನ್ಸ್ ಕೊಟ್ಟೋರು ಯಾರು? ಇದೇ ಸರ್ಕಾರ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ್ರಂತೆ."

"ಹಾಗಾದ್ರೆ ಬಾಗಿಲು ಬೇಕು ಅಂತ ಒಪ್ಕೊಂಡೆ. ಹಾಕಿದ ಹೊತ್ತು ಸರಿಯಿಲ್ಲ ಅಂತೀಯ, ಅಷ್ಟೆ ತಾನೇ?"

ಇಬ್ಬರೂ ನಿನ್ನಪ್ಪನ ಮುಖ ನೋಡಿದರು. ಅವನು "ಟೀ ಆರೋಯ್ತು" ಅಂದ.

ಸ್ವೆಟರಿನ ಒಂದು ತೋಳು ಬಾಕಿ ಇದೆ. ಮುಗಿದರೆ ಕಳಿಸುತ್ತೇನೆ.

ಅಮ್ಮ


ಗ್ರೇ ಆರ್ಮ್
೭ ಮೇ ೧೯೯೫

ಅಮ್ಮ,

ಅಪ್ಪ ಮಕ್ಕಳ ಕುರ್ಚಿಯಲ್ಲಿ ಕೂತದ್ದನ್ನು ನೆನೆಸಿಕೊಂಡು ನಗು ಬರಬೇಕಿತ್ತು. ಕಾಗದ ಮಡಿಸಿಟ್ಟು ಕೆಲಸಕ್ಕೆ ಹೋದೆ.

ನಾನು ಚೆನ್ನಾಗಿದ್ದೇನೆ. ಬೆಳಿಗ್ಗೆ ಮೀನುಗಾರಿಕೆ ಇಲಾಖೆಯ ದೋಣಿ ತೆಗೆದುಕೊಂಡು ಕೊಲ್ಲಿಯನ್ನು ಸುತ್ತುತ್ತೇನೆ. ಬಂಡೆಗಳ ಹತ್ತಿರ ಇಂಜಿನ್ ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನೆ ಕೇಳುತ್ತೇನೆ. ಅದು ಅಪ್ಪ ಕಲಿಸಿದ್ದು. ಮೀನು ಹಿಡಿಯುವವರನ್ನು ಹಿಡಿಯಲು ಅದು ಉಪಯೋಗಕ್ಕೆ ಬರುತ್ತದೆ ಎಂದು ಅವನು ಅಂದುಕೊಂಡಿರಲಿಲ್ಲ. ಊರಿನವರು ಅಂಗಡಿಯಲ್ಲಿ ನನ್ನ ಹತ್ತಿರ ಮಾತಾಡುತ್ತಾರೆ, ಆದರೆ ನಾನು ಒಳಗೆ ಬರುವ ಮುಂಚೆ ಆಡುತ್ತಿದ್ದ ಮಾತನ್ನಲ್ಲ.

ಲೆವಿನಾ ಅತ್ತೆ ಹೇಳಿದ್ದನ್ನೇ ನಾನೂ ಹೇಳುತ್ತೇನೆ. ಸರ್ಕಾರ ತಡವಾಗಿ ಬಂತು, ಅದು ತಪ್ಪು. ಬಂದದ್ದು ತಪ್ಪಲ್ಲ. ಒಬ್ಬನಿಗೆ ಒಂದೇ ಒಂದು ಮೀನು ಬಿಟ್ಟರೆ ಏನು ಮಹಾ ಅನ್ನುತ್ತಾರೆ. ಈ ಕರಾವಳಿಯಲ್ಲಿ ಎಷ್ಟು ಸಾವಿರ ಜನ ಇದ್ದಾರೆ? ಒಬ್ಬೊಬ್ಬರಿಗೂ ಅದು ಒಂದೇ ಮೀನು. ಬೇಡ ಎಂದು ಹೇಳಲು ಯಾರಾದರೂ ಬೇಕಲ್ಲ, ಆ ಯಾರಾದರೂ ನಾನಾದೆ. ಇಷ್ಟನ್ನು ಅಪ್ಪನಿಗೆ ಎದುರು ಕೂತು ಹೇಳಬೇಕೆಂದಿದ್ದೆ. ನಾನು ಇಲಾಖೆಯ ಈ ಅಂಗಿ ಹಾಕಿಕೊಂಡು ದಕ್ಕೆಗೆ ಬಂದ ದಿನದಿಂದ ಅವನು ನನ್ನ ಎದುರು ಕೂರುವುದಿಲ್ಲ. ಎರಡು ವರ್ಷವಾಯಿತು.

ಲೈಸೆನ್ಸ್ ಕೊಡಲಿ ಎಂದು ನಾನು ಹೇಳಲಾರೆ. ನಾನು ಹೇಳಿದರೆ ಸರ್ಕಾರವೇ ಹೇಳಿದ ಹಾಗಾಗುತ್ತದೆ. ಅವನೇ ತೀರ್ಮಾನ ಮಾಡಲಿ. ಒಂದು ಮಾತು ಮಾತ್ರ ಅವನಿಗೆ ತಿಳಿದಿರಲಿ: ಕದ್ದು ಮೀನು ಹಿಡಿದು ಕೇಸು ಬಿದ್ದವರ ಲೈಸೆನ್ಸನ್ನು ಸರ್ಕಾರ ಕೊಂಡುಕೊಳ್ಳುವುದಿಲ್ಲ, ಸುಮ್ಮನೆ ರದ್ದು ಮಾಡುತ್ತದೆ. ನಯಾಪೈಸೆ ಸಿಗುವುದಿಲ್ಲ. ಅಪ್ಪ ಅಂಥವನಲ್ಲ. ಆದರೂ ಹೇಳಿದೆ.

ನಾನು ಈಗ ಇರುವ ಮನೆ ಬೇರೆ. ಅಡ್ರೆಸ್ ಕೆಳಗಿದೆ, ಬರೆದಿಟ್ಟುಕೋ. ಸ್ವೆಟರಿಗೆ ಅವಸರವಿಲ್ಲ.

ರೋಡಾ


ಬ್ಯಾರಲ್ ಕೋವ್
೯ ಜುಲೈ ೧೯೯೫

ರೋಡಾ,

ನಿನ್ನ ಕಾಗದವನ್ನು ಈ ಸಲ ನಾನು ಓದಿ ಹೇಳಲಿಲ್ಲ. ಮೇಜಿನ ಮೇಲಿಟ್ಟು ಬಟ್ಟೆ ಒಣಹಾಕಿ ಬಂದರೆ ನಿನ್ನಪ್ಪ ಅದನ್ನು ಮುಂದಿಟ್ಟುಕೊಂಡು ಸಾಲಿನ ಕೆಳಗೆ ಬೆರಳು ಇಟ್ಟು ಓದುತ್ತಿದ್ದ. ತುಟಿ ಅಲ್ಲಾಡುತ್ತಿತ್ತು. ಕೊನೆಯ ಹತ್ತಿರ ಒಂದು ಸಾಲಿನ ಮೇಲೆ ಬೆರಳು ಬಹಳ ಹೊತ್ತು ನಿಂತಿತು. ಕಷ್ಟದ ಪದ ಇರಬೇಕು ಎಂದುಕೊಂಡೆ. ಕೇಳಿದರೆ, "ಇಲ್ಲ, ಗೊತ್ತಾಯ್ತು" ಅಂದ.

ಲೆವಿನಾ ಅತ್ತೆಯ ತಟ್ಟೆಯ ವಿಷಯ ಹೇಳುತ್ತೇನೆ. ನಿನಗೆ ನೆನಪಿದೆ, ವರ್ಷದ ಮೊದಲ ಮೀನು ನಮ್ಮ ಮನೆಯ ಒಲೆಗೆ ಹೋಗುವ ಮುಂಚೆ ಅತ್ತೆಯ ಮನೆಗೆ ಹೋಗಬೇಕು. ಆಕೆಯ ಗಂಡ ಮುಳುಗಿಹೋದಾಗಿನಿಂದ ಹಾಗೆ. ನಿನ್ನಜ್ಜ ಕೊಡುತ್ತಿದ್ದ, ಆಮೇಲೆ ನಿನ್ನಪ್ಪ. ಕಳೆದ ವಾರ ಆಕೆ ಕರೆದು, "ಹೆಡ್ಲಿ, ಈ ವರ್ಷಾನೂ ಇಲ್ವಾ?" ಅಂದಿದ್ದಾರೆ. ವಯಸ್ಸಾಯಿತು, ಕೆಲವು ದಿನ ಎಲ್ಲ ನೆನಪಿರುತ್ತದೆ, ಕೆಲವು ದಿನ ಇರುವುದಿಲ್ಲ.

ನಿನ್ನಪ್ಪ ಅಂಗಡಿಗೆ ಹೋಗಿ ರಟ್ಟಿನ ಡಬ್ಬಿಯಲ್ಲಿ ಬರುವ ಮೀನು ತಂದ. ರಷ್ಯಾದವರು ಹಿಡಿದದ್ದು, ಡಬ್ಬಿಯ ಮೇಲೆ ಬರೆದಿತ್ತು. ಅದನ್ನು ಅವನೇ ಓದಿ ಹೇಳಿದ. ಸಮುದ್ರದ ದಡದಲ್ಲಿ ಹುಟ್ಟಿ ಬೆಳೆದವನು ಅಂಗಡಿಯಲ್ಲಿ ಮೀನು ಕೊಂಡದ್ದು ಇದೇ ಮೊದಲು. ನಾನು ಹುರಿದು ಕೊಟ್ಟೆ, ಅವನು ತಟ್ಟೆಗೆ ಬಟ್ಟೆ ಮುಚ್ಚಿ ತೆಗೆದುಕೊಂಡು ಹೋದ. ತಿರುಗಿ ಬಂದಾಗ ಏನಂದರು ಎಂದು ಕೇಳಿದೆ.

"ಮೀನಾ ಅಂದ್ರು. ಹೂಂ ಅಂದೆ."

"ತಿಂದ್ರಾ?"

"ನನ್ನ ಮುಖ ನೋಡ್ಕೊಂಡು ತಿಂದ್ರು."

ಅಷ್ಟೇ. ಆ ರಾತ್ರಿ ನನಗೂ ಊಟ ಸೇರಲಿಲ್ಲ, ಯಾಕೆ ಎಂದು ಗೊತ್ತಿಲ್ಲ. ಬೇಜಾರು ಅಂತಲೂ ಅಲ್ಲ.

ಗಡಿಯಾರದ ಕೆಳಗಿನ ಕಾಗದ ಅಲ್ಲೇ ಇದೆ. ವಾರಕ್ಕೊಂದು ಸಲ ಎತ್ತಿ ಧೂಳು ಒರೆಸಿ ಇಡುತ್ತೇನೆ.

ಅಮ್ಮ


ಗ್ರೇ ಆರ್ಮ್
೨೧ ಆಗಸ್ಟ್ ೧೯೯೫

ಅಮ್ಮ,

ರೇಡಿಯೋದಲ್ಲಿ ಕೇಳುವ ಮುಂಚೆ ನನ್ನಿಂದಲೇ ತಿಳಿಯಲಿ ಎಂದು ಬರೆಯುತ್ತಿದ್ದೇನೆ.

ಶುಕ್ರವಾರ ಒಬ್ಬರ ಮೇಲೆ ಕೇಸು ಹಾಕಿದೆ. ಹೆಸರು ಎಸೌ ಕೆಡ್ಡಿ. ಊರಿಗೆಲ್ಲ ಎಸೌ ಮಾಮ. ಎಪ್ಪತ್ತು ದಾಟಿದ ಮನುಷ್ಯ, ಒಂಟಿ. ದೋಣಿಯ ತಳದ ಹಲಗೆಯ ಕೆಳಗೆ ಎರಡು ಮೀನು ಇದ್ದವು. ನಾನು ಹಲಗೆ ಎತ್ತುವ ಮುಂಚೆ ಅವರೇ ಕಾಲು ಸರಿಸಿ ಜಾಗ ಮಾಡಿಕೊಟ್ಟರು.

"ನಿಮ್ಮ ತಂದೆ ಯಾರಮ್ಮ?" ಅಂದರು. ಹೇಳಿದೆ.

"ಬ್ಯಾರಲ್ ಕೋವ್ ಹೆಡ್ಲಿ ಟಿಜ್ಜಾರ್ಡಾ? ಒಂದ್ಸಲ ಗಾಳಿಗೆ ಸಿಕ್ಕಿ ಅವರ ದಕ್ಕೇಲಿ ಕಟ್ಟಿದ್ದೆ. ಉಪ್ಪು ಕಡಿಮೆ ಇತ್ತು, ಕೇಳ್ದೆ, ಒಂದು ಚೀಲಾನೇ ಕೊಟ್ರು." ಆಮೇಲೆ, "ಬರ್ಕೊಳಿ, ಬರ್ಕೊಳಿ. ಚಳಿ ಆಗುತ್ತೆ ನಿಮ್ಗೆ" ಅಂದರು.

ಬರೆದುಕೊಂಡೆ. ಬಿಟ್ಟಿದ್ದರೆ ಮಾರನೆಯ ದಿನ ಹತ್ತು ದೋಣಿ ಹೊರಡುತ್ತಿದ್ದವು, ಅದು ನನಗೆ ಖಚಿತವಾಗಿ ಗೊತ್ತು. ಸರಿಯಾದ ಕೆಲಸ ಮಾಡಿದರೆ ಮನಸ್ಸಿಗೆ ಸಮಾಧಾನ ಇರುತ್ತದೆ ಅನ್ನುತ್ತಾರೆ. ಸಮಾಧಾನವೂ ಇಲ್ಲ, ಸಂಕಟವೂ ಇಲ್ಲ. ಸೆಪ್ಟೆಂಬರ್ ಹನ್ನೆರಡಕ್ಕೆ ಕೋರ್ಟು. ನಾನು ಸಾಕ್ಷಿ ಹೇಳಬೇಕು.

ಅಪ್ಪನಿಗೆ ಹೇಳು. ಬೇಡ, ಓದಲಿ.

ರೋಡಾ


ಬ್ಯಾರಲ್ ಕೋವ್
೨೦ ಸೆಪ್ಟೆಂಬರ್ ೧೯೯೫

ರೋಡಾ,

ರೇಡಿಯೋದಲ್ಲಿ ನಿನ್ನ ಹೆಸರು ಹೇಳಿದರು. ಆ ಮುದುಕನಿಗೆ ದಂಡ ಹಾಕಿದ್ದು, ದೋಣಿ ಕಿತ್ತುಕೊಂಡದ್ದು ಎಲ್ಲ ಹೇಳಿದರು. ನಿನ್ನಪ್ಪ ಕೊನೆಯವರೆಗೆ ಕೇಳಿ ರೇಡಿಯೋ ಆರಿಸಿದ.

ಗಾರ್ಲೆಂಡ್ ಬೇಲಿಯ ಆಚೆಯಿಂದ, "ಡಾರ್ಕಸ್, ನಿನ್ ಮಗಳು ಮುಂದಿನ ಸಲ ಬಂದಾಗ ನಮ್ಮನೆ ಪಾತ್ರೆ ಮುಚ್ಚಳ ತೆಗೆದು ನೋಡ್ತಾಳಾ?" ಅಂದ. "ನಿನ್ನ ಹೆಂಡ್ತಿ ಅಡುಗೆ ನೋಡೋಕೆ ಸರ್ಕಾರ ಸಂಬಳ ಕೊಡಲ್ಲ ಮಾರಾಯ" ಅಂದೆ. ನೀನು ಮಾಡಿದ್ದು ತಪ್ಪು ಎಂದು ನಾನು ಹೇಳುವುದಿಲ್ಲ. ಸರಿ ಎಂದು ಹೇಳಲೂ ಬಾಯಿ ಬರುವುದಿಲ್ಲ. ನೀನು ಎರಡೂ ಅಲ್ಲದ ಕಡೆ ನಿಂತಿದ್ದೀಯ, ಅಷ್ಟು ಗೊತ್ತು.

ನಿನ್ನಪ್ಪ ಈಗ ಹಣ್ಣು ಕೀಳಲು ಹೋಗುತ್ತಾನೆ. ಆಚೆ ದ್ವೀಪದಲ್ಲಿ ಗುಡ್ಡದ ಹಣ್ಣು ಬೇಕಾದಷ್ಟು ಬಿಟ್ಟಿದೆಯಂತೆ. ಮೂರು ವರ್ಷ ಮಗುಚಿ ಹಾಕಿದ್ದ ಸಣ್ಣ ದೋಣಿಯನ್ನು ನೀರಿಗೆ ಇಳಿಸಿ, ಬಕೆಟ್ ಹಿಡಿದುಕೊಂಡು ಹೋಗುತ್ತಾನೆ. ಸಂಜೆ ಬಂದಾಗ ಬಕೆಟ್ಟಿನ ತಳ ಮುಚ್ಚುವಷ್ಟೂ ಹಣ್ಣು ಇರುವುದಿಲ್ಲ. "ಹಕ್ಕಿ ತಿಂದಿವೆ" ಅನ್ನುತ್ತಾನೆ. ನೀರಿನ ಮೇಲೆ ಸ್ವಲ್ಪ ಹೊತ್ತು ಇರಲಿ ಎಂದು ನಾನೂ ಸುಮ್ಮನಿದ್ದೇನೆ. ಮುಖದಲ್ಲಿ ಸ್ವಲ್ಪ ಬಣ್ಣ ಬಂದಿದೆ.

ಇವತ್ತು ಊಟ ಮಾಡುವಾಗ, "ನಮ್ಮ ರೋಡಾ ಆಫೀಸಿಗೆ ಏನಂತಾರೆ, ಪೂರ್ತಿ ಹೆಸರು?" ಅಂದ. ಹೇಳಿದೆ. ಒಂದೊಂದೇ ಅಕ್ಷರ ಹೇಳು ಅಂದ. ಎರಡು ವರ್ಷದ ಮೇಲೆ ನಿನ್ನ ಹೆಸರು ಅವನ ಬಾಯಲ್ಲಿ ಬಂತು, ಅದಕ್ಕೇ ಬರೆದೆ.

ಅಮ್ಮ


ಗ್ರೇ ಆರ್ಮ್
೨೮ ಅಕ್ಟೋಬರ್ ೧೯೯೫

ಅಮ್ಮ,

ಒಂದು ಪೆಟ್ಟಿಗೆ ಬಂದಿದೆ. ಮನೆಗಲ್ಲ, ಆಫೀಸಿಗೆ. ಮೇಲೆ ದಪ್ಪ ದಪ್ಪ ಅಕ್ಷರದಲ್ಲಿ, ಚಿಕ್ಕ ಮಕ್ಕಳು ಬರೆದ ಹಾಗೆ, ನನ್ನ ಹೆಸರು, ಹೆಸರಿನ ಕೆಳಗೆ "ಮೀನುಗಾರಿಕೆ ಅಧಿಕಾರಿ" ಎಂದು ಬರೆದಿದೆ. ಯಾರ ಕೈಬರಹ ಎಂದು ಗೊತ್ತಾಗಲಿಲ್ಲ. ಪಕ್ಕಕ್ಕೆ ತಿರುಗಿಸಿದರೆ ಕಪ್ಪು ಬಣ್ಣದಲ್ಲಿ ಅಪ್ಪನ ದೋಣಿಯ ನಂಬರ್. ಹಿಂದೆ ಮಾರಾಟಕ್ಕೆ ಕಳಿಸುವಾಗ ಹಾಕುತ್ತಿದ್ದನಲ್ಲ, ಹಾಗೆ. ಅಪ್ಪ ನನಗೆ ಏನನ್ನೋ ಕಳಿಸಿದ್ದಾನೆ ಎಂದು ಅಲ್ಲೇ ನಿಂತು ಅತ್ತುಬಿಟ್ಟೆ. ಸಹೋದ್ಯೋಗಿಗಳು ಊಟಕ್ಕೆ ಹೋಗಿದ್ದರು, ಪುಣ್ಯ.

ಮನೆಗೆ ತಂದು ಬಿಚ್ಚಿದೆ. ಉಪ್ಪುಮೀನು. ನಾಲ್ಕು.

ಅಮ್ಮ, ನಿನ್ನನ್ನು ಒಂದು ಮಾತು ಕೇಳಬೇಕು. ಷೆಡ್ಡಿನಲ್ಲಿ ಹಳೆಯ ಪೀಪಾಯಿ ಇತ್ತಲ್ಲ, ಸರ್ಕಾರ ನಿಲ್ಲಿಸುವ ಮುಂಚೆ ಮೀನಿಗೆ ಉಪ್ಪು ಹಾಕಿಟ್ಟದ್ದು, ಇದು ಅದರಲ್ಲಿಯದಾ? ಮೂರು ವರ್ಷದ ಮೀನು ಹಳದಿ ತಿರುಗಿ ಕಟ್ಟಿಗೆಯಂತೆ ಆಗಿರುತ್ತದೆ. ಇದು ಬೆಳ್ಳಗಿದೆ. ಬಗ್ಗಿಸಿದರೆ ಬಗ್ಗುತ್ತದೆ.

ಬೇಗ ಬರೆ. ಅಷ್ಟರವರೆಗೆ ಪೆಟ್ಟಿಗೆಯನ್ನು ಮಂಚದ ಕೆಳಗಿಟ್ಟಿದ್ದೇನೆ.

ರೋಡಾ


ಬ್ಯಾರಲ್ ಕೋವ್
೭ ನವೆಂಬರ್ ೧೯೯೫

ರೋಡಾ,

ಷೆಡ್ಡಿಗೆ ಹೋಗಿ ನೋಡಿದೆ. ಹಳೆಯ ಪೀಪಾಯಿ ಖಾಲಿ ಇದೆ. ಅದನ್ನು ನಾವೇ ಎರಡು ಚಳಿಗಾಲದ ಹಿಂದೆ ತಿಂದು ಮುಗಿಸಿದ್ದೆವು, ನನಗೆ ನೆನಪಿರಲಿಲ್ಲ. ಅಟ್ಟದ ಮೇಲೆ ಉಪ್ಪಿನ ಚೀಲ ಬಿಚ್ಚಿತ್ತು.

ಪೆಟ್ಟಿಗೆ ಕಳಿಸಿದ್ದು ನನಗೆ ಗೊತ್ತೇ ಇರಲಿಲ್ಲ. ನಿನ್ನ ಮನೆಯ ಅಡ್ರೆಸ್ ಅವನಿಗೆ ಗೊತ್ತು, ಕ್ಯಾಲೆಂಡರಿನ ಪಕ್ಕದಲ್ಲೇ ಅಂಟಿಸಿದ್ದೇನೆ. ಆಫೀಸಿಗೆ ಯಾಕೆ ಕಳಿಸಿದನೋ.

ಲೆವಿನಾ ಅತ್ತೆಯ ಮನೆಗೂ ಹೋಗಿದ್ದೆ. ನಾನು ಕೇಳುವ ಮುಂಚೆಯೇ, "ಈ ವರ್ಷದ ಮೀನು ತಡವಾಗಿ ಬಂತು, ಆದ್ರೆ ಬಂತಲ್ಲ" ಅಂದರು. ಆಕೆಗೆ ಮೊದಲು ಕೊಟ್ಟಿದ್ದಾನೆ. ಯಾರ ಹತ್ತಿರವೂ ಹೇಳಬೇಡಿ ಅತ್ತೆ ಅಂದೆ. "ಏನು ಹೇಳೋದು, ಯಾವತ್ತೂ ಮೊದಲನೇದು ನಂದೇ ಅಲ್ವಾ" ಅಂದರು.

ನಿನ್ನಪ್ಪನನ್ನು ಕೇಳುವ ಧೈರ್ಯ ಬರುತ್ತಿಲ್ಲ. ಅವನು ವಿಚಿತ್ರವಾಗಿದ್ದಾನೆ. ಎರಡು ವಾರದಿಂದ ಬೆಳಿಗ್ಗೆ ಎದ್ದು ಗಡ್ಡ ಬೋಳಿಸಿಕೊಂಡು, ಚರ್ಚಿಗೆ ಹಾಕುವ ಬಿಳಿ ಅಂಗಿ ಹಾಕಿಕೊಂಡು, ರಸ್ತೆ ಕಾಣುವ ಕಿಟಕಿಯ ಹತ್ತಿರ ಕೂರುತ್ತಾನೆ. ಶಾಲೆಗೂ ಹೋಗಿಲ್ಲ. ನಿನ್ನೆ ತಡೆಯಲಾರದೆ ಕೇಳಿದೆ.

"ಹೆಡ್ಲಿ, ಯಾರಾದ್ರೂ ಬರೋರಿದ್ದಾರಾ?"

"ಹೂಂ."

"ಯಾರು?"

"ಸರ್ಕಾರ" ಅಂದ.

ತಮಾಷೆ ಎಂದುಕೊಂಡು ನಕ್ಕೆ. ಅವನು ನಗಲಿಲ್ಲ.

ಮಗಳೇ, ನಾನು ನಿನ್ನ ಹತ್ತಿರ ಏನನ್ನೂ ಕೇಳಿದವಳಲ್ಲ. ಈ ತಿಂಗಳ ಕೊನೆಯವರೆಗೆ ಸುಮ್ಮನಿರು. ಅವನು ಸಹಿ ಹಾಕಲಿ, ನಾನು ಹೇಗಾದರೂ ಮಾಡಿ ಹಾಕಿಸುತ್ತೇನೆ. ಕೇಸು ಬಿದ್ದರೆ ಲೈಸೆನ್ಸೂ ಇಲ್ಲ, ದುಡ್ಡೂ ಇಲ್ಲ, ಗ್ಯಾಂಡರೂ ಇಲ್ಲ, ಈ ಗುಡ್ಡವೇ ಗತಿ. ನಾಲ್ಕು ಮೀನಿಗೆ. ನೀನು ಮುದುಕನಿಗೆ ಮಾಡಿದ್ದು ನನಗೆ ಗೊತ್ತಿದೆ. ಗೊತ್ತಿದ್ದೇ ಕೇಳುತ್ತಿದ್ದೇನೆ.

ಈ ಕಾಗದವನ್ನು ಒಲೆಗೆ ಹಾಕು.

ಅಮ್ಮ


ಗ್ರೇ ಆರ್ಮ್
೧೬ ನವೆಂಬರ್ ೧೯೯೫

ಅಪ್ಪ,

ಈಗ ನೀನು ಓದುತ್ತೀಯ, ಹಾಗಾಗಿ ನಿನಗೇ ಬರೆಯುತ್ತಿದ್ದೇನೆ. ಅಕ್ಷರ ದೊಡ್ಡದಾಗಿ ಬರೆದಿದ್ದೇನೆ.

ನೀನು ಆಫೀಸಿನ ಅಡ್ರೆಸ್ ಯಾಕೆ ಬರೆದೆ, ದೋಣಿಯ ನಂಬರ್ ಯಾಕೆ ಹಾಕಿದೆ ಎಂದು ನನಗೆ ತಿಳಿದಿರಲಿಲ್ಲ. ಅಭ್ಯಾಸಬಲ ಎಂದುಕೊಂಡಿದ್ದೆ. ನೀನು ಬಿಳಿ ಅಂಗಿ ಹಾಕಿಕೊಂಡು ಕಿಟಕಿಯ ಹತ್ತಿರ ಕೂರುತ್ತೀಯ ಎಂದು ಅಮ್ಮ ಬರೆದ ಮೇಲೆ ತಿಳಿಯಿತು. ನೀನು ಮಗಳಿಗೆ ಮೀನು ಕಳಿಸಿರಲಿಲ್ಲ. ಅಧಿಕಾರಿಗೆ ಸಾಕ್ಷಿ ಕಳಿಸಿದ್ದೆ. ಕೇಸು ಬಿದ್ದರೆ ಲೈಸೆನ್ಸ್ ರದ್ದಾಗುತ್ತದೆ ಎಂದು ನಾನೇ ಬರೆದಿದ್ದೆ, ನೀನೇ ಓದಿದ್ದೆ. ನಾನು ಬಂದು ಕಿತ್ತುಕೊಳ್ಳಲಿ ಎಂದು ಕಾಯುತ್ತಿದ್ದೀಯ.

ನಾನು ಬರುವುದಿಲ್ಲ.

ನಡೆದದ್ದನ್ನು ಹೇಳುತ್ತೇನೆ. ಪೆಟ್ಟಿಗೆ ಹದಿನೈದು ದಿನ ಮಂಚದ ಕೆಳಗಿತ್ತು. ಬಾಗಿಲು ತೆರೆದರೆ ನಮ್ಮ ಷೆಡ್ಡಿನ ವಾಸನೆ. ಕಳೆದ ಶನಿವಾರ ಎರಡು ಮೀನನ್ನು ನೀರಲ್ಲಿ ಹಾಕಿ ಮಾರನೆಯ ದಿನದವರೆಗೆ ನೆನೆಸಿದೆ. ಭಾನುವಾರ ಬೇಯಿಸಿ, ಗಟ್ಟಿ ಬ್ರೆಡ್ಡು ನೆನೆಸಿ, ಹಂದಿಯ ಕೊಬ್ಬು ಕರಿದು ಮೇಲೆ ಸುರಿದೆ. ತಟ್ಟೆಗೆ ಬಟ್ಟೆ ಮುಚ್ಚಿಕೊಂಡು ಎಸೌ ಮಾಮನ ಮನೆಗೆ ಹೋದೆ. ವರ್ಷದ ಮೊದಲ ಮೀನು ವಯಸ್ಸಾದವರಿಗೆ ಹೋಗಬೇಕಲ್ಲ. ಇಲ್ಲಿ ನನಗೆ ಗೊತ್ತಿರುವ ವಯಸ್ಸಾದವರು ಅವರೊಬ್ಬರೇ.

ಅವರು ಬಾಗಿಲು ತೆರೆದು ನನ್ನ ಮುಖ ನೋಡಿದರು, ಆಮೇಲೆ ತಟ್ಟೆ ನೋಡಿದರು. ಒಳಗೆ ಕರೆದರು. ಒಂದು ತುತ್ತು ಬಾಯಿಗೆ ಇಟ್ಟ ಕೂಡಲೇ ಅವರಿಗೆ ಗೊತ್ತಾಯಿತು, ಇದು ಯಾವಾಗಿನ ಮೀನು ಎಂದು.

"ನಿಮ್ಮಪ್ಪಂದಾ?"

"ಹೂಂ ಮಾಮ."

"ಉಪ್ಪು ಒಂಚೂರು ಜಾಸ್ತಿ" ಅಂದರು. ತಟ್ಟೆ ಒರೆಸಿ ತಿಂದರು. ನಾನೂ ತಿಂದೆ. ಉಳಿದ ಎರಡನ್ನು ಅವರ ಮನೆಯಲ್ಲೇ ಬಿಟ್ಟು ಬಂದೆ, ಈಗ ಅವೂ ಇರಲಾರವು. ಪೆಟ್ಟಿಗೆಯನ್ನು ಒಡೆದು ಒಲೆಗೆ ಹಾಕಿದೆ. ನಿನ್ನ ಕೈಬರಹ ಇದ್ದ ಹಲಗೆಯನ್ನು ಕೊನೆಗೆ ಹಾಕಿದೆ.

ಸೋಮವಾರ ಬೆಳಿಗ್ಗೆ ಅಂಗಿಯ ಒಂದು ತೋಳು ಹಾಕಿಕೊಂಡೆ. ಇನ್ನೊಂದು ತೋಳು ಹಾಕಲು ಆಗಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ಬೇಲಿಯ ಕೆಲಸ ಮಾಡಬಾರದು. ಸರ್ಕಾರ ಬೇಕು ಎಂದು ನಾನು ಈಗಲೂ ಹೇಳುತ್ತೇನೆ, ಅದು ನಾನಾಗಿರಲು ಆಗುವುದಿಲ್ಲ ಅಷ್ಟೆ. ಆಫೀಸಿಗೆ ಹೋಗಿ ದೋಣಿಯ ಕೀಲಿ ಕೊಟ್ಟೆ, ರಾಜೀನಾಮೆ ಕೊಟ್ಟೆ. ಯಾಕೆ ಎಂದು ಕೇಳಿದರು, ಮನೆಯ ಕಡೆ ತೊಂದರೆ ಅಂದೆ.

ಅಪ್ಪ, ಯಾವ ಸಾಕ್ಷಿಯೂ ಇಲ್ಲ. ಲೈಸೆನ್ಸ್ ನಿನ್ನದು. ಇಟ್ಟುಕೊಳ್ಳುವುದಾದರೂ ನೀನೇ ಇಟ್ಟುಕೊಳ್ಳಬೇಕು, ಕೊಡುವುದಾದರೂ ನೀನೇ ಕೊಡಬೇಕು. ಇದೊಂದನ್ನು ಸರ್ಕಾರ ನಿನ್ನ ಪರವಾಗಿ ಮಾಡುವುದಿಲ್ಲ. ನಾಳೆಯಿಂದ ಕಿಟಕಿಯ ಹತ್ತಿರ ಕೂರಬೇಡ.

ನಿನ್ನ ಮಗಳು,
ರೋಡಾ


ಬ್ಯಾರಲ್ ಕೋವ್
೩೦ ನವೆಂಬರ್ ೧೯೯೫

ರೋಡಾ

ಇದು ನನ್ನ ಮೊದಲನೇ ಕಾಗದ. ಟೀಚರಿಗೆ ತೋರಿಸಿಲ್ಲ. ತಪ್ಪು ಇರಬಹುದು.

ನೀನು ಬರೆದದ್ದು ಸರಿ. ಕಾಯುತ್ತಿದ್ದೆ.

ಬೆಲೆ ಬರೆಯಿರಿ ಅಂದರು. ಏನು ಬರೆಯಲಿ. ಏಪ್ರಿಲ್‌ನಿಂದ ನೋಡಿದೆ. ಕೈ ಬರಲಿಲ್ಲ. ಕಿತ್ತುಕೊಂಡರೆ ಕೊಡಬಹುದು ಅನ್ನಿಸಿತು. ಯಾರೋ ಬಂದು ಕಿತ್ತುಕೊಳ್ಳುವ ಬದಲು ನೀನು ಬರಲಿ ಅಂದುಕೊಂಡೆ. ಬಂದರೆ ಮುಖ ಆದರೂ ನೋಡಬಹುದು. ನಿನಗೆ ಏನಾಗುತ್ತದೆ ಅಂತ ಯೋಚನೆ ಮಾಡಲಿಲ್ಲ. ನಿನ್ನಮ್ಮನಿಗೆ ಏನಾಗುತ್ತದೆ ಅಂತಲೂ ಮಾಡಲಿಲ್ಲ.

ಈ ಮನೆಯಲ್ಲಿ ದಿನಾ ದೋಣಿ ಹತ್ತುತ್ತಿದ್ದವಳು ನೀನೊಬ್ಬಳೇ. ಈಗ ಅದೂ ಇಲ್ಲ.

ನಾನು ಸಿಟ್ಟಿನಿಂದ ಮಾತು ಬಿಟ್ಟಿರಲಿಲ್ಲ. ನೀನು ಆ ಅಂಗಿ ಹಾಕಿಕೊಂಡು ದಕ್ಕೆಗೆ ಬಂದೆ. ಏನು ಹೇಳಬೇಕು ಅಂತ ತಿಳಿಯಲಿಲ್ಲ. ಆಮೇಲೆ ಅದೇ ಅಭ್ಯಾಸ ಆಯಿತು.

ನಿನ್ನೆ ಸಹಿ ಹಾಕಿದೆ. ನಿನ್ನಮ್ಮ ಪಕ್ಕದಲ್ಲಿ ನಿಂತಿದ್ದಳು. ಏನೋ ಆಗುತ್ತದೆ ಅಂದುಕೊಂಡಿದ್ದೆ. ಏನೂ ಆಗಲಿಲ್ಲ. ಗಾರ್ಲೆಂಡ್ ಬಂದು ಎಷ್ಟು ಬರೆದೆ ಅಂದ. ನನ್ನ ಹೆಸರು ಬರೆದೆ ಅಂದೆ.

ನಿನ್ನಮ್ಮ ಗ್ಯಾಂಡರಿಗೆ ಪಾತ್ರೆ ಕಟ್ಟುತ್ತಿದ್ದಾಳೆ. ನೀನು ಅದಕ್ಕೆ ಮುಂಚೆ ಬಾ. ಸ್ವೆಟರ್ ಮುಗಿದಿದೆ.

ಎಸೌ ಉಪ್ಪು ಜಾಸ್ತಿ ಅಂದದ್ದು ಸರಿ ಇರಬೇಕು. ಅವನಿಗೆ ಹೇಳು. ನಿನ್ನಜ್ಜ ನನಗೆ ಎಂಟನೇ ವರ್ಷದಲ್ಲಿ ಕಲಿಸಿದ್ದು. ಯಾವತ್ತೂ ಅಳೆದು ಹಾಕಿದವನಲ್ಲ. ಈ ಸಲ ಪ್ರತಿ ಮೀನಿಗೂ ಕೈ ತಡೆಯಿತು. ಮೂರು ವರ್ಷ ಆಯಿತಲ್ಲ. ಉಪ್ಪು ಎಷ್ಟು ಹಾಕಬೇಕು ಅಂತ ಕೈ ಮರೆತಿದೆ.

ನಿನ್ನ ಅಪ್ಪ
ಹೆಡ್ಲಿ ಟಿಜ್ಜಾರ್ಡ್